ನೀರಿನ ಲೋಟ ದೂರ ಇಡುವ ಕಲ್ಲೆದೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಚದಂಚಿನಲ್ಲಿ ಕೂತ ಕ್ಷೌರಿಕನಿಗೆ ಬಾಯಾರಿದೆ. ಅವನ ಕೈಕಾಲು ಆಡಿಸಲು ಬಂದಾಕೆ ನೀರಿನ ಲೋಟವನ್ನು ಅವನ ಕೈಗೆ ಕೊಡುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಒಂದು ಗೇಣು ಆಚೆಗೇ ಇಡುತ್ತಾಳೆ.

"ಬಗ್ಗಿ ತಗೊಳ್ಳಣ್ಣ. ಲೋಟ ಏನು ಓಡಿಹೋಗಲ್ಲ, ನಾನೂ ಓಡಿಹೋಗಲ್ಲ."

ಬಾಗಿಲಲ್ಲಿ ನಿಂತ ಅವನ ಹೆಂಡತಿ ನೋಡಲಾರದೆ ಒಳಗೆ ಹೋಗುತ್ತಾಳೆ. ಲೋಟ ದೂರ ಇಟ್ಟವಳಿಗೆ ಓಣಿಯವರು ಕೊಟ್ಟ ಹೆಸರೇ 'ಕಲ್ಲೆದೆ ಅಕ್ಕ'.

ಲಕ್ವ ಹೊಡೆದು ಹಾಸಿಗೆ ಹಿಡಿದವರ ಕೈಕಾಲು ಆಡಿಸುವುದು ಅಕ್ಕನ ಕೆಲಸ. ಯಂತ್ರಗಿಂತ್ರ ಏನೂ ಇಲ್ಲ. ಒಲೆ ಮೇಲಿನ ಹಾಲು ಉಕ್ಕುವವರೆಗೆ ಕುರ್ಚಿ ಹಿಡಿಸಿ ಹಿಮ್ಮಡಿ ಎತ್ತಿಸುತ್ತಾಳೆ, ಒಗೆದ ಟವೆಲು ಮಡಿಸುತ್ತಾಳೆ ಎನ್ನಬೇಡಿ, ಮಡಿಸಲು ಅವರನ್ನೇ ಹಚ್ಚುತ್ತಾಳೆ. ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. "ವಾರ್ಡಲ್ಲಿ ಎದ್ದು ಕೂತೋರು ಮನೆಗೆ ಹೋಗಿ ಮಲಗಿಬಿಡ್ತಿದ್ರು. ಮನೇಲಿ ಪ್ರೀತಿ ಜಾಸ್ತಿ ನೋಡಿ" ಎನ್ನುತ್ತಾಳೆ. ದಿನಕ್ಕೆ ಐದು ಮನೆ, ಎಲ್ಲವೂ ಕಾಲ್ನಡಿಗೆಯಲ್ಲೇ. "ಊರವರ ಮಂಡಿ ಮಡಿಸೋಳು ನಾನು, ನನ್ನ ಮಂಡಿನೇ ಕಟಕಟ ಅನ್ನತ್ತೆ!" ಮುದುಕಿಯೊಬ್ಬಳ ಮಗ ಇವಳ ಚಪ್ಪಲಿಯನ್ನು ಬೀದಿಗೆ ಎಸೆದಿದ್ದೂ ಉಂಟು, ತಾಯಿಯನ್ನು ಗೋಳುಹೊಯ್ದುಕೊಳ್ಳುತ್ತಾಳೆ ಅಂತ.

ಲಕ್ವದಿಂದ ಮುಚ್ಚಿಹೋಗಿದ್ದ ಈ ಕ್ಷೌರಿಕನ ಬಲಗೈ ತೆರೆಯತೊಡಗಿತ್ತು. ಬಾಚಣಿಗೆ ಹಿಡಿದಿದ್ದ. ಅಷ್ಟರಲ್ಲಿ ಅಕ್ಕನೇ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಮಲಗಿದಳು. ಹೆಂಡತಿ ಗಂಡನಿಗೆ ತುತ್ತು ಇಟ್ಟಳು, ಅಂಗಿಯ ಗುಂಡಿ ಹಾಕಿದಳು. ನೋಯದಿರಲಿ ಎಂದು ಆ ಕೈಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಎದೆಯ ಮೇಲೆ ಮಲಗಿಸಿದಳು. ಅಕ್ಕ ಬಂದು ಬಟ್ಟೆ ಬಿಚ್ಚಿದಾಗ ಬೆರಳು ಮುರುಟಿ, ಉಗುರು ಅಂಗೈಗೆ ನಾಟಿತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಹೇಳಲಿ? ಆ ಹೆಂಗಸು ಹೊತ್ತುಹೊತ್ತಿಗೆ ತಾನು ಉಂಡಳೋ ಇಲ್ಲವೋ, ಅವನಿಗೆ ಉಣಿಸಿದ್ದಾಳೆ.

ಅವನ ಕ್ಷೌರದಂಗಡಿಯ ಬಾಗಿಲು ಮುಚ್ಚಿಯೇ ಇದೆ. ಹೊರಡುವ ಅಕ್ಕನ, ಅವಳ ಜೊತೆ ಬಂದಿದ್ದ ನನ್ನ ಹಿಂದೆ ಹೆಂಡತಿ ಮೆಟ್ಟಿಲವರೆಗೆ ಬರುತ್ತಾಳೆ.

"ಮತ್ತೆ ಕತ್ತರಿ ಹಿಡೀತಾರಾ ಅಕ್ಕಾ?"

"ಇಲ್ಲ ಕಣಮ್ಮ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಾಳೆ. ಅಕ್ಕ ಅಳಲು ಬಿಡುತ್ತಾಳೆ, ಸುಳ್ಳು ಸಮಾಧಾನ ಹೇಳುವುದಿಲ್ಲ. ನಿಮಗೇನಾಸೆ ಎಂದು ದಾರಿಯಲ್ಲಿ ನಾನು ಅಕ್ಕನನ್ನು ಕೇಳಿದ್ದಕ್ಕೆ ಉತ್ತರವನ್ನೂ ಆ ಹೆಂಡತಿಗೇ ಹೇಳುತ್ತಾಳೆ:

"ಕೈ ಹೋಯ್ತು. ಕಾಲು ಇನ್ನೂ ನಮ್ಮ ಮಾತು ಕೇಳತ್ತೆ. ಬಚ್ಚಲಿಗೆ ಅವರೇ ನಡ್ಕೊಂಡು ಹೋಗಿ, ಅವರೇ ಬಾಗಿಲು ಹಾಕ್ಕೋಬೇಕು. ಅಷ್ಟು ಮಾನ ನಾನು ಉಳಿಸಿಕೊಡ್ತೀನಿ. ನೀನು ಮಾತ್ರ ಹಿಡ್ಕೊಳ್ಳೋಕೆ ಓಡಿ ಬರಬೇಡ."