ಹಸಿರು ಸೀರೆಯ ಪ್ರಶ್ನೆ

ಒಬ್ಬ ಮೇಷ್ಟ್ರ ಮೇಲೆ ನನಗೆ ಹಗೆಯಿದೆ. ಬೇಸರ, ಅಸಮಾಧಾನ ಎಂಬ ನಯದ ಮಾತುಗಳು ಬೇಡ, ಹಗೆಯೇ. ತತ್ವಶಾಸ್ತ್ರ ಕಲಿಸುವವಳು ಹೀಗೆಲ್ಲ ಮಾತಾಡಬಾರದು ಎಂದು ಸಹೋದ್ಯೋಗಿಗಳು ಬುದ್ಧಿ ಹೇಳುತ್ತಾರೆ. ತತ್ವಶಾಸ್ತ್ರ ಓದಿದವರಿಗೆ ಸಿಟ್ಟು ಬರುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ. ನನಗಂತೂ ಓದಿದಷ್ಟೂ ಹೆಚ್ಚಾಯಿತು. ಸಿಟ್ಟಿಗೆ ಕಾರಣಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸುವುದನ್ನು ಅದೇ ನನಗೆ ಕಲಿಸಿದ್ದು.

ಆಗ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ. ಓದುತ್ತಿದ್ದೆ. ನಮ್ಮ ಮನೆ ತ್ರಾಸಿಯಿಂದ ಒಳಗೆ, ಹೊಳೆ ಬದಿಗೆ. ಅಪ್ಪ ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿ, ಬೈಂದೂರಿನಲ್ಲಿ ಬಸ್ಸು ನಿಲ್ಲುವ ಕಡೆ ಸಣ್ಣದೊಂದು ಚಾ ತಿಂಡಿಯ ಹೋಟೆಲು ಇಟ್ಟಿದ್ದರು. ನಮ್ಮ ಮನೆಯಿಂದ ಕಾಲೇಜಿಗೆ ಹೋದವಳು ನಾನೇ ಮೊದಲು. ತತ್ವಶಾಸ್ತ್ರ ಎಂದರೆ ಏನೆಂದು ಗೊತ್ತಿಲ್ಲದೆಯೇ ಅದನ್ನು ಆರಿಸಿಕೊಂಡಿದ್ದೆ. ಹೆಸರು ಕೇಳುವುದಕ್ಕೆ ಗಟ್ಟಿಯಾಗಿತ್ತು, ಅಷ್ಟೇ.

ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ತಾಲೂಕಿನಲ್ಲೆಲ್ಲ ಹೆಸರಿತ್ತು. ಅವರು ತಾಳಮದ್ದಳೆಯ ಅರ್ಥಧಾರಿ. ಭಾಗವತರು ಹಾಡಿದ ಪದ್ಯಕ್ಕೆ ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತು ಕಟ್ಟಿ ಎದುರಿನ ಪಾತ್ರವನ್ನು ವಾದದಲ್ಲಿ ಸೋಲಿಸುವ ಕಲೆ ಅದು. ಅವರ ಧ್ವನಿ ಕೇಳಿದರೆ ಹಿಂದಿನ ಬೆಂಚಿನವರೂ ತೂಕಡಿಕೆ ಬಿಡುತ್ತಿದ್ದರು. ಒಂದು ದಿನ ಅವರು ಜ್ಞಾನ ಎಂದರೇನು ಎಂದು ವಿವರಿಸಿದರು. ಒಂದು ಸಂಗತಿಯನ್ನು ನೀನು ನಂಬಿರಬೇಕು, ಅದು ನಿಜವಾಗಿರಬೇಕು, ನಂಬುವುದಕ್ಕೆ ನಿನ್ನಲ್ಲಿ ತಕ್ಕ ಕಾರಣವಿರಬೇಕು. ಈ ಮೂರೂ ಕೂಡಿದರೆ ಅದು ಜ್ಞಾನ. ನನಗೆ ಕೂಡಲೇ ಹಿಂದಿನ ವಾರ ಮನೆಯಲ್ಲಿ ನಡೆದದ್ದು ನೆನಪಾಗಿ, ಎದ್ದು ನಿಂತೆ.

"ಸರ್, ಅಮ್ಮ ಹೊಳಿ ಆಚೆ ಮನಿ ಅಂಗ್ಳದಗೆ ಹಸ್ರ್ ಸೀರಿ ಒಣ್ಸದ್ ಕಂಡ್, ಅತ್ತಿ ಬೊಂಬಾಯಿಂದ ಬಂದಿರ್ ಅಂದ್ರ್. ಅತ್ತಿ ಬಂದದ್ದ್ ಹೌದ್. ಆರೆ ಆ ಸೀರಿ ಅತ್ತಿದಲ್ಲ, ಸೊಸಿ ಹೊಸ್ತಾಯಿ ತಕಂಡದ್. ಅಮ್ಮ ನಂಬಿದ್ದ್ ನಿಜ ಆಯ್ತ್, ಕಾರ್ಣವೂ ಇತ್ತ್. ಹಂಗಾರೆ ಅಮ್ಮಂಗೆ ಗೊತ್ತಿತ್ತಾ, ಗೊತ್ತಿಲ್ಯಾ?"

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವರ ಬಾಯಿ ಒಂದು ಸಲ ತೆರೆದು ಮುಚ್ಚಿಕೊಂಡದ್ದನ್ನು ನಾನು ಕಂಡೆ. ಉತ್ತರ ಸಿಗದವನ ಮುಖ ಅದು. ತಕ್ಷಣ ಅವರು ಸಾವರಿಸಿಕೊಂಡು, "ಮೊದಲು ಕನ್ನಡ ಕಲಿತು ಬಾ. ತತ್ವಶಾಸ್ತ್ರ ಆಮೇಲೆ," ಎಂದರು. ಗಂಟೆ ಹೊಡೆಯುವವರೆಗೂ ನನ್ನನ್ನು ನಿಲ್ಲಿಸಿದರು. ಅಂದಿನಿಂದ ನಾನು ತರಗತಿಗೆ ಕಾಲಿಟ್ಟರೆ ಸಾಕು, "ಹಸಿರು ಸೀರೆ ಬಂತು," ಎನ್ನುತ್ತಿದ್ದರು. ಬೆಂಚುಗಳೆಲ್ಲ ನಗುತ್ತಿದ್ದವು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವರು ಬೈಂದೂರಿಗೆ ಯಾವುದೋ ತಾಳಮದ್ದಳೆಗೆ ಬಂದವರು ಚಾ ಕುಡಿಯಲು ನಮ್ಮ ಹೋಟೆಲಿಗೇ ಹೊಕ್ಕರು. ಅಪ್ಪನಿಗೆ ಸಂಭ್ರಮವೋ ಸಂಭ್ರಮ. ಮಗಳು ಹೇಗೆ ಓದುತ್ತಾಳೆ ಎಂದು ಕೇಳಿದರಂತೆ. "ಓದು ಅವಳ ತಲೆಗೆ ಹತ್ತುವುದಿಲ್ಲ. ಸುಮ್ಮನೆ ವರ್ಷ ಹಾಳು. ಟೈಲರಿಂಗಿಗೆ ಹಾಕಿ," ಎಂದರಂತೆ ಇವರು. ಆ ಸಲದ ಕಿರುಪರೀಕ್ಷೆಯಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದಾಗಿತ್ತು. ಉತ್ತರಪತ್ರಿಕೆ ತಿದ್ದಿದವರೂ ಅವರೇ. ಅಂದರೆ ಗೊತ್ತಿದ್ದೇ ಹೇಳಿದ ಸುಳ್ಳು.

ಅಪ್ಪ ಮನೆಗೆ ಬಂದವರು ನನ್ನ ಮುಖ ನೋಡದೆ, "ಮೇಷ್ಟ್ರೇ ಹೇಳದ್ ಮೇಲೆ ನಾವ್ ಎಂತ ಹೇಳುದ್ ಮಗಾ. ಅವ್ರಿಗ್ ಗೊತ್ತಿಲ್ದೆ ಇರತ್ತಾ," ಎಂದರು. ನಾನು ಅಂಕ ಹೇಳಿದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಏನೂ ನಡೆಯಲಿಲ್ಲ. ಕಾಲೇಜು ಬಿಡಿಸಿ ನನ್ನನ್ನು ಬ್ರಹ್ಮಾವರದ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಲ್ಲಿ ಹೊಲಿಗೆ ಕಲಿತೆ. ರವಿಕೆಯ ತೋಳು ಕೂರಿಸುತ್ತ ಕೂರಿಸುತ್ತ ನನಗೆ ನಾನೇ ಆಣೆ ಇಟ್ಟುಕೊಂಡೆ: ಈ ಮೇಷ್ಟ್ರ ಬಾಯಿಯನ್ನು ಒಂದು ದಿನ ನಾಲ್ಕು ಜನರ ಎದುರು ಬಿಡಿಸುತ್ತೇನೆ. ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ನಿನ್ನ ಅಪ್ಪನ ಹತ್ತಿರ ನಾನು ಹೇಳಿದ್ದು ಸುಳ್ಳು ಎಂದು ಹೇಳಿಸುತ್ತೇನೆ.

ಹೊಲಿಗೆಯ ದುಡಿಮೆಯಲ್ಲೇ ಅಂಚೆ ಮೂಲಕ ಬಿ.ಎ. ಮುಗಿಸಿದೆ, ಆಮೇಲೆ ಎಂ.ಎ. ಬಿ.ಎ. ಮುಗಿಯುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಮಗಳು ಓದಿಗೆ ತಕ್ಕವಳಲ್ಲ ಎಂಬ ನಂಬಿಕೆಯಲ್ಲೇ ಹೋದರು. ಇದಕ್ಕೆ ಕ್ಷಮೆ ಎಲ್ಲಿಂದ ತರಲಿ?

ಈಗ ಬೈಂದೂರು ಕಡೆಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಮೊದಲ ವರ್ಷದವರಿಗೆ ತತ್ವಶಾಸ್ತ್ರದ ಮುಖ್ಯ ಶಾಖೆಗಳನ್ನು ಪರಿಚಯಿಸುವುದು ನನ್ನ ಪಾಲಿನ ಪಾಠ. ಪುಸ್ತಕದ ಉದಾಹರಣೆಗಳಿಗೆ ನಮ್ಮ ಮಕ್ಕಳು ಆಕಳಿಸುತ್ತಾರೆ. ಹಾಗಾಗಿ ಉದಾಹರಣೆಗಳಿಗೆಲ್ಲ ಒಬ್ಬನೇ ಮನುಷ್ಯನನ್ನು ಇಟ್ಟುಕೊಂಡೆ. ಒಬ್ಬ ಮೇಷ್ಟ್ರು ಇದ್ದ ಎಂದು ಶುರು ಮಾಡಿದರೆ ಮಕ್ಕಳು ಚುರುಕಾಗುತ್ತಾರೆ. ಜ್ಞಾನ ಎಂದರೇನು ಎಂಬ ಪಾಠಕ್ಕೆ ಹಸಿರು ಸೀರೆಯ ಪ್ರಶ್ನೆ ಇದ್ದೇ ಇತ್ತು.

ತರ್ಕಶಾಸ್ತ್ರಕ್ಕೆ: ನಿನ್ನ ಕನ್ನಡ ಸರಿಯಿಲ್ಲ, ಆದ್ದರಿಂದ ನಿನ್ನ ಪ್ರಶ್ನೆ ಸರಿಯಿಲ್ಲ ಎನ್ನುತ್ತಾನೆ ಆ ಮೇಷ್ಟ್ರು. ಈ ವಾದದಲ್ಲಿ ತಪ್ಪೆಲ್ಲಿ? ಮಾತನ್ನು ಬಿಟ್ಟು ಮಾತಾಡಿದವಳನ್ನು ಹೊಡೆಯುವ ಆ ದೋಷವನ್ನು ನನ್ನ ಮಕ್ಕಳು ಪರೀಕ್ಷೆಯಲ್ಲಿ ಗುರುತಿಸಲು ಎಂದೂ ತಪ್ಪುವುದಿಲ್ಲ. ನೀತಿಶಾಸ್ತ್ರಕ್ಕೆ ಬಂದಾಗ ಅದೇ ಮೇಷ್ಟ್ರು ಒಬ್ಬ ಅಪ್ಪನ ಹತ್ತಿರ ಅವನ ಮಗಳ ಬಗ್ಗೆ ಸುಳ್ಳು ಹೇಳುತ್ತಾನೆ. ಆ ಹುಡುಗಿ ಮುಂದೆ ಹೊಲಿಗೆಯಲ್ಲೇ ಹೆಸರು ಮಾಡಿ ಸುಖವಾಗಿದ್ದಾಳೆ ಅಂದುಕೊಳ್ಳಿ, ಆಗ ಸುಳ್ಳು ಸರಿಯಾಯಿತೇ? ಫಲ ನೋಡಿ ಒಳ್ಳೆಯದು ಕೆಟ್ಟದ್ದು ಎನ್ನುವವರು ಒಂದು ಬದಿ, ಫಲ ಏನಾದರಾಗಲಿ ಮಾಡಬಾರದ್ದನ್ನು ಮಾಡಬಾರದು ಎನ್ನುವವರು ಇನ್ನೊಂದು ಬದಿ ಕೂತು ಜಗಳಕ್ಕೆ ಬೀಳುತ್ತಾರೆ. ಪಕ್ಷ ವಹಿಸಬಾರದೆಂದು ಇದ್ದರೂ ನಾನು ಎರಡನೆಯ ಬದಿಗೆ ಹೋಗಿ ನಿಲ್ಲುತ್ತೇನೆ.

ತತ್ವಮೀಮಾಂಸೆಯಲ್ಲಿ, ಅಂದರೆ ಇರುವುದು ಎಂದರೇನು ಎಂದು ಕೇಳುವ ಶಾಖೆಯಲ್ಲಿ, ಬದಲಾದ ವಸ್ತು ಅದೇ ವಸ್ತುವೇ ಎಂಬ ಹಳೆಯ ತಂಟೆಯಿದೆ. ಅಂದಿನ ಮೇಷ್ಟ್ರಿಗೆ ಕಪ್ಪು ಮೀಸೆ. ಇಂದು ಮೀಸೆಯಿಲ್ಲ, ಹಲ್ಲು ಕಟ್ಟಿಸಿದ್ದು, ಮಂಡಿ ಆಪರೇಷನ್ ಆದದ್ದು, ಮಾತೂ ಮೆತ್ತಗೆ. ಹಾಗಾದರೆ ಅವರೇ ಇವರೆಂದು ಹೇಗೆ ಹೇಳುತ್ತೀರಿ, ಯಾರನ್ನು ಬಯ್ಯುತ್ತೀರಿ ಎಂದೆ. ಬಿಜೂರಿನಿಂದ ಬರುವ ಹುಡುಗಿ ಕೂತಲ್ಲಿಂದಲೇ, "ಪೆನ್ಶನ್ ಹಳೆ ಮೇಷ್ಟ್ರ್ ಮಾಡಿದ್ ಕೆಲ್ಸಕ್ಕ್ ಅಲ್ದಾ ಮೇಡಂ ಬಪ್ಪುದ್? ಅದ್ ತಕಂಬುಕ್ ಅವ್ರೇ ಆರೆ, ಬೈಗ್ಳ್ ತಿಂಬುಕೂ ಅವ್ರೇ," ಎಂದಳು. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಮೇಷ್ಟ್ರ ಧ್ವನಿಯನ್ನು ಸೌಂದರ್ಯಮೀಮಾಂಸೆಗೆ ಮೀಸಲಿಟ್ಟಿದ್ದೆ. ಚಂದವಾದದ್ದೆಲ್ಲ ಒಳ್ಳೆಯದೇ? ಅಲ್ಲ ಎಂದು ಬರೆದವರಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ.

ಕಳೆದ ವರ್ಷ ಕಾಲೇಜು ದಿನಾಚರಣೆಗೆ ಮಧ್ಯಾಹ್ನ ತಾಳಮದ್ದಳೆ ಇಡಬೇಕೆಂದು ತೀರ್ಮಾನವಾಯಿತು. ಯಾರನ್ನು ಕರೆಯೋಣ ಎಂದು ಪ್ರಾಂಶುಪಾಲರು ಕೇಳಿದಾಗ ಆ ಮೇಷ್ಟ್ರ ಹೆಸರು ಹೇಳಿದವಳು ನಾನು. ಎದುರು ಪಾತ್ರಕ್ಕೆ ನಾನೇ ಕೂರುತ್ತೇನೆ ಎಂದೆ. ಮಹಿಳೆಯರ ತಂಡದಲ್ಲಿ ಅರ್ಥ ಹೇಳಿ ನನಗೂ ಅಷ್ಟಿಷ್ಟು ರೂಢಿಯಿತ್ತು. ಅದಕ್ಕೆಂದೇ ರೂಢಿ ಮಾಡಿಕೊಂಡದ್ದು ಎನ್ನಿ. ಪ್ರಸಂಗವನ್ನೂ ನಾನೇ ಆರಿಸಿದೆ. ವಾನರ ಅಣ್ಣ ತಮ್ಮಂದಿರಿಬ್ಬರು ಹೊಡೆದಾಡುತ್ತಾರೆ. ದೊರೆಯೊಬ್ಬ ಮರದ ಮರೆಯಿಂದ ಅಣ್ಣನಿಗೆ ಬಾಣ ಬಿಡುತ್ತಾನೆ. ಬಿದ್ದ ಅಣ್ಣ, ಇದು ಯಾವ ಧರ್ಮ ಎಂದು ದೊರೆಯನ್ನು ಕೇಳುತ್ತಾನೆ, ವಾದ ಮಾಡುತ್ತಾನೆ, ಕೊನೆಗೆ ಕೈಮುಗಿದು ಪ್ರಾಣ ಬಿಡುತ್ತಾನೆ. ದೊರೆ ಮೇಷ್ಟ್ರು, ಬಿದ್ದವಳು ನಾನು. ತಾಳಮದ್ದಳೆಯಲ್ಲಿ ಎದುರಿನವರಿಗೆ, ಮೊದಲು ಕನ್ನಡ ಕಲಿತು ಬಾ ಎನ್ನಲು ಬರುವುದಿಲ್ಲ. ಭಾಗವತರು ಮುಂದಿನ ಪದ್ಯ ಎತ್ತುವ ತನಕ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು.

ಮೇಷ್ಟ್ರಿಗೆ ನನ್ನ ಗುರುತು ಸಿಕ್ಕಿದಂತೆ ಕಾಣಲಿಲ್ಲ. ನಮಸ್ಕಾರ ಮಾಡಿದೆ, ಒಳ್ಳೆಯದಾಗಲಿ ಎಂದರು. ಧರ್ಮದ ವಿಷಯ ಬಂದಾಗ ಅವರು ಚೆನ್ನಾಗಿಯೇ ಹೇಳಿದರು, ಸಭೆ ತಲೆದೂಗಿತು. ಅದು ಮುಗಿಯಲೆಂದು ಕಾದು ನಾನು ಕೇಳಿದೆ:

"ದೊರೆಯೇ, ನನ್ನದೂ ನನ್ನ ತಮ್ಮನದೂ ಒಂದೇ ರೂಪ. ಮೊದಲ ದಿನ ನೀನು ಯಾರು ಯಾರೆಂದು ತಿಳಿಯದೆ ಬಾಣ ಬಿಡದೆ ನಿಂತೆ. ಮರುದಿನ ನನ್ನ ತಮ್ಮನ ಕೊರಳಿಗೆ ಮಾಲೆ ಹಾಕಿಸಿ ಕಳಿಸಿದೆ. ಮಾಲೆಯಿಲ್ಲದವನು ನಾನೆಂದು ತಿಳಿದೆ. ಹೊಡೆದಾಟದಲ್ಲಿ ಮಾಲೆ ಹರಿದು ಬಿದ್ದಿದ್ದರೆ? ಬಾಣ ನನಗೇ ತಾಗಿತು, ಒಪ್ಪಿದೆ. ನಿನಗೆ ಗೊತ್ತಿತ್ತೇ, ಇಲ್ಲ ತಾಗಿತು ಅಷ್ಟೆಯೇ? ನಮ್ಮ ನಾಡಿನಲ್ಲಿ ಒಬ್ಬ ತಾಯಿ ಹೊಳೆಯಾಚೆ ಹಸಿರು ಸೀರೆ ಒಣಗುವುದನ್ನು ಕಂಡು ನಾದಿನಿ ಬಂದಿದ್ದಾಳೆ ಎಂದಳು. ನಾದಿನಿ ಬಂದದ್ದು ನಿಜ. ಸೀರೆ ಮಾತ್ರ ಅವಳದ್ದಲ್ಲ. ಆ ತಾಯಿಗೆ ಗೊತ್ತಿತ್ತೇ?"

ಮೇಷ್ಟ್ರು ತಲೆಯೆತ್ತಿದರು. ಅದೇ ಬಾಯಿ, ಒಂದು ಸಲ ತೆರೆದು ಮುಚ್ಚಿಕೊಂಡಿತು. ನನ್ನ ಎದೆ ಹಿಗ್ಗಿತು, ಸುಳ್ಳು ಹೇಳುವುದಿಲ್ಲ. ಪಾಪ ಎಂದುಕೊಂಡು ಭಾಗವತರು ತಾಳಕ್ಕೆ ಕೈ ಹಾಕಿದರು. "ಭಾಗವತರೇ, ಸಾಯುವವನ ಪ್ರಶ್ನೆ ಇದು. ಉತ್ತರ ಬರಲಿ," ಎಂದು ತಡೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ವಿದ್ಯಾರ್ಥಿಗಳಿಗೆ, ಪಾಠದ ಮೇಷ್ಟ್ರು ಇವರೇ ಎಂದು ಅಷ್ಟರಲ್ಲಿ ಅರ್ಥವಾಗಿತ್ತು.

ಮೇಷ್ಟ್ರು ಶಲ್ಯ ಸರಿಮಾಡಿಕೊಂಡು ಮೆಲ್ಲಗೆ ಶುರುಮಾಡಿದರು. "ವಾನರ ರಾಜನೇ, ನಿನ್ನ ಪ್ರಶ್ನೆಗೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಉತ್ತರವಿಲ್ಲದವನು ಎದುರು ನಿಲ್ಲಲಾರ, ಮರೆ ಹುಡುಕುತ್ತಾನೆ. ನಿನ್ನ ಹಿರಿಯರ ಕಿವಿಯಲ್ಲಿ ನಿನ್ನನ್ನು ಹಳಿದೆ. ಅದು ಸುಳ್ಳೆಂದು ಹಳಿಯುವಾಗಲೇ ನನಗೆ ತಿಳಿದಿತ್ತು."

ಆ ಪ್ರಸಂಗದಲ್ಲಿ ಹಿರಿಯರ ಕಿವಿಯಲ್ಲಿ ಹಳಿದ ಮಾತೇ ಇಲ್ಲ. ಅದು ನನಗೆ ಹೇಳಿದ್ದು, ನನ್ನ ಅಪ್ಪನ ವಿಷಯ. ಪ್ರಸಂಗದ ಪ್ರಕಾರ ನಾನು ಕೈಮುಗಿಯಬೇಕಿತ್ತು. ಮುಗಿದೆ. ಪಾತ್ರಕ್ಕಾಗಿ ಅಲ್ಲ, ಮನಸ್ಸಿನಿಂದಲೇ ಮುಗಿದೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕೂಟ ಮುಗಿದು ಚಾ ತಿಂಡಿಯಾದ ನಂತರ ಕೈ ತೊಳೆಯುವ ನಳ್ಳಿಯ ಬಳಿ ಅವರು ಒಬ್ಬರೇ ಸಿಕ್ಕರು. "ಸರ್, ನಿಮ್ಮ ಹಳೆ ವಿದ್ಯಾರ್ಥಿನಿ ನಾನು. ಅಪ್ಪನ ಹತ್ತಿರ ಹೇಳಿದ್ದು ಸುಳ್ಳೆಂದು ಇವತ್ತು ಹೇಳಿದಿರಿ. ದೊಡ್ಡ ಮಾತು," ಎಂದೆ. ಅವರು ಬೈರಾಸಿನಲ್ಲಿ ಕೈ ಒರೆಸಿಕೊಂಡರು. ಆಡುವಾಗ ಅವರ ಬಾಯಲ್ಲಿ ನಮ್ಮದೇ ಕನ್ನಡ ಬಂತು. "ಅದ್ ಪಾತ್ರ ಹೇಳದ್ ಮಾರಾಯ್ತಿ. ನಾನೆಂತಕ್ಕೆ ಹೇಳುದ್? ಕೂಟದಗೆ ಆಡದ್ನೆಲ್ಲ ಮನಿಗೆ ಹೊತ್ಕಂಡ್ ಹೋಪ್ಕಿತ್ತಾ?"

ಅವರು ಹೊರಟುಹೋದರು.

ಮರುದಿನದ ಹೊತ್ತಿಗೆ ಕುಂದಾಪುರದಿಂದ ಬೈಂದೂರು ತನಕದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅವರ ಮಾತಿನ ತುಣುಕು ಓಡಾಡಿತು. ಎಂಥ ಅರ್ಥ ಹೇಳಿದರು, ದೊರೆಯ ಬಾಯಲ್ಲಿ ಪಶ್ಚಾತ್ತಾಪ ಬರಿಸಿದವರು ಇವರೊಬ್ಬರೇ ಎಂದು ಹೊಗಳಿದ್ದೇ ಹೊಗಳಿದ್ದು. ನನ್ನ ಪ್ರಶ್ನೆಯನ್ನು ಯಾರೋ ಕತ್ತರಿಸಿದ್ದರು. ಉದ್ದವಾಯಿತು ಎಂದಿರಬೇಕು. ಮುಂದಿನ ತಿಂಗಳು ಬ್ರಹ್ಮಾವರದಲ್ಲಿ ಅವರಿಗೆ ಸನ್ಮಾನ, ಶಾಲು, ಹಾರ. ನಾನು ಕೇಳಿ ಪಡೆದದ್ದಿಷ್ಟು: ನನ್ನ ಶತ್ರುವಿಗೆ ಇನ್ನೊಂದು ಶಾಲು.

ತರಗತಿಯಲ್ಲಿ ಬಿಜೂರಿನ ಹುಡುಗಿ ಕೇಳಿದಳು, "ಮೇಡಂ, ಅವ್ರ್ ತಪ್ಪ್ ಒಪ್ಕಂಡದ್ದಾ, ಒಪ್ಕಂಡಂಗೆ ಮಾಡದ್ದಾ?" ಒಪ್ಪಿಕೊಂಡದ್ದೇ ಎಂದು ನಾನು ಈಗಲೂ ಹೇಳುತ್ತೇನೆ. ತೋರಿಸುವುದಕ್ಕೆ ಮಾತ್ರ ನನ್ನ ಕೈಯಲ್ಲಿ ಏನೂ ಇಲ್ಲ. ನಳ್ಳಿಯ ಬಳಿ ಹೇಳಿದ್ದೇ ಸುಳ್ಳು ಎಂದು ನನ್ನ ನಂಬಿಕೆ, ನಂಬುವುದಕ್ಕೆ ಕಾರಣವೂ ಇದೆ. ಅದಕ್ಕಿಂತ ಮುಂದಕ್ಕೆ ಹೋಗಲು ನನಗೆ ಅವರು ಬಿಡಲಿಲ್ಲ. ಇದನ್ನು ನಾನು ಅವರಿಗೆ ಕೊನೆಯವರೆಗೂ ಮಾಫಿ ಮಾಡುವುದಿಲ್ಲ.

ಆದ್ದರಿಂದ ಇದನ್ನು ಬರೆದಿದ್ದೇನೆ, ಹೆಸರು ಮಾತ್ರ ಎಲ್ಲೂ ಹಾಕಿಲ್ಲ. ಕೈಗೆ ಸಿಕ್ಕಿದ ಪತ್ರಿಕೆಯಲ್ಲೆಲ್ಲ ತನ್ನ ಹೆಸರು ಹುಡುಕುವ ಚಾಳಿ ಅವರಿಗಿದೆಯಂತೆ. ಇದರಲ್ಲೂ ಹುಡುಕಲಿ, ಮತ್ತೊಮ್ಮೆ ಓದಲಿ, ಇದು ತನ್ನದೇ ಕಥೆಯೋ ಬೇರೆಯವರದೋ ಎಂದು ತಲೆ ಕೆಡಿಸಿಕೊಳ್ಳಲಿ. ತಡೆಯಲಾರದೆ ಒಂದು ದಿನ ಫೋನು ಮಾಡಿ ಕೇಳಿಯೇ ಕೇಳುತ್ತಾರೆ. ಆಗ ನಾನು ಹೇಳುವುದಿಷ್ಟೆ: "ಅದ್ ಕತಿ ಹೇಳದ್ ಮಾರಾಯ್ರೆ. ನಿಮ್ದ್ ಅಂದೇಳಿ ಯಾರ್ ಹೇಳಿರ್?"