ಕಾಟಾದ ಪರದೆಗೆ ಹಚ್ಚಿದ ಪಟ್ಟಿ

ಬಳಸದ ವಸ್ತು ಮನೆಯಲ್ಲಿದ್ದರೆ ನನಗೆ ತಲೆ ಕೆಡುತ್ತದೆ. ಹಿಡಿ ಮುರಿದ ಸೌಟು, ಕೀಲಿ ಕಳೆದ ಬೀಗ, ಯಾವುದನ್ನೂ ಇಟ್ಟುಕೊಳ್ಳುವವಳಲ್ಲ ನಾನು. ಕೊಪ್ಪಳದ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ಮೇಲೆ ಮಾಡುವ ಇನ್ನೊಂದು ಕೆಲಸದಲ್ಲೂ ನನ್ನದು ಇದೇ ಸ್ವಭಾವ. ಕಂಪ್ಯೂಟರಿನ ತಿರುಳಾದ ಕರ್ನಲ್‌ನೊಳಗೆ, ಜೋಡಿಸಿದ ಒಂದೊಂದು ಯಂತ್ರವನ್ನೂ ಮಾತಾಡಿಸಲು ಒಂದೊಂದು ಡ್ರೈವರ್ ಇರುತ್ತದೆ. ತೂಕ, ಶಾಖ ಇಂಥವನ್ನು ಅಳೆಯುವ ಹಳೆಯ ಕಾರ್ಡೊಂದರ ಡ್ರೈವರನ್ನು ನೋಡಿಕೊಳ್ಳಲು ಯಾರೂ ಮುಂದೆ ಬರದಿದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಸಂಬಳವಿಲ್ಲದ ಕೆಲಸ. ದೇಶ ದೇಶದ ಜನ ಈಮೇಲ್‌ನಲ್ಲೇ ಜಗಳಾಡಿಕೊಂಡು ಮಾಡುವಂಥದ್ದು.

ಆ ಡ್ರೈವರಿನಲ್ಲಿ ಚಿಲಕವಿಲ್ಲದ ಒಂದು ಹಿತ್ತಲ ಬಾಗಿಲು ಇತ್ತು. ಯಾವ ಪ್ರೋಗ್ರಾಮ್ ಬೇಕಾದರೂ ಅದರ ಮೂಲಕ ಕಾರ್ಡಿನೊಳಗೆ ಕೈಹಾಕಿ ಏನು ಬೇಕಾದರೂ ಬರೆಯಬಹುದಿತ್ತು. ಎಂದೋ ಯಾರೋ ಪರೀಕ್ಷೆಗೆಂದು ಇಟ್ಟು ಮರೆತದ್ದು. ಕಳ್ಳರಿಗೆ ಇದಕ್ಕಿಂತ ಅನುಕೂಲ ಬೇಕೆ? 'ಇದನ್ನು ಯಾರೂ ಬಳಸುವುದಿಲ್ಲ' ಎಂದು ಬರೆದು ತೆಗೆದುಹಾಕಲು ಹೊರಟೆ. ಪರಿಶೀಲನೆ ಮಾಡುವ ಹಿರಿಯರೊಬ್ಬರು ಒಂದೇ ಸಾಲು ಬರೆದರು: ನಿಮಗೆ ಹೇಗೆ ಗೊತ್ತು?

ಮೈಯೆಲ್ಲ ಉರಿಯಿತು. ಆದರೂ ಪದ್ಧತಿ ಬಿಡುವಂತಿಲ್ಲ. ಆ ಬಾಗಿಲನ್ನು ಯಾರಾದರೂ ತೆರೆದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುವಂತೆ ಮಾಡಿದೆ. 'ಇದನ್ನು ಬೇಗನೆ ತೆಗೆಯಲಾಗುವುದು, ನೀವು ಬಳಸುತ್ತಿದ್ದರೆ ದಯವಿಟ್ಟು ನಮಗೆ ಬರೆಯಿರಿ' ಎಂದು ಅದರ ಅರ್ಥ. ವರ್ಷ ಕಳೆಯಿತು. ಒಬ್ಬರೂ ಬರೆಯಲಿಲ್ಲ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂದು ಒಳಗೊಳಗೇ ಬೀಗಿದೆ.

ಆ ಸಲದ ಸುಗ್ಗಿಯಲ್ಲಿ, ಮನೆಗೆ ಅಕ್ಕಿ ತರಲೆಂದು ಶ್ರೀರಾಮನಗರದ ಸೋದರಮಾವನಲ್ಲಿಗೆ ಹೋಗಿದ್ದೆ. ಮಾವ ಭತ್ತ ತುಂಬಿದ ಟ್ರ್ಯಾಕ್ಟರನ್ನು ಮಿಲ್ಲಿಗೆ ಹೊರಡಿಸಿದ್ದ. ನಾನೂ ಹತ್ತಿದೆ. ದಾರಿಯುದ್ದಕ್ಕೂ ಮಿಲ್ಲಿನ ಕಾಟಾದ ಮೇಲೆ, ಅಂದರೆ ಲೋಡ್ ಗಾಡಿಯನ್ನೇ ನಿಲ್ಲಿಸಿ ತೂಗುವ ವೇಬ್ರಿಜ್ಜಿನ ಮೇಲೆ, ಅವನ ಗೊಣಗಾಟ.

"ಅಲ್ಲಿ ಪರದೆಗೆ ಕರೇ ಪಟ್ಟಿ ಹಚ್ಚ್ಯಾರ ಯವ್ವಾ. ಏನೋ ಮುಚ್ಚಿಡ್ತಾರ."

ನಮ್ಮ ಕಡೆಯ ರೈತರ ಕ್ರಮವೇ ಹಾಗೆ. ಕಾಟಾ ಹತ್ತುವ ಮುಂಚೆ ಇಳಿದು, ಕಿಟಕಿಯಲ್ಲಿ ಇಣುಕಿ, ಪರದೆಯಲ್ಲಿ ಸೊನ್ನೆ ಇದೆಯೋ ಇಲ್ಲವೋ ನೋಡುತ್ತಾರೆ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಸೊನ್ನೆ ಕಾಣದಿದ್ದರೆ ಗಾಡಿ ಹತ್ತುವುದಿಲ್ಲ, ಅಷ್ಟೇ. ಮಿಲ್ಲು ಮುಟ್ಟಿದ ಮೇಲೆ ಮಾವನೂ ಇಳಿದು ಇಣುಕಿದವನೇ ಶುರುಮಾಡಿದ.

"ಏನವ್ವಾ, ಆ ಪಟ್ಟಿ ಕೆಳಗ ಏನ್ ಮುಚ್ಚಿಟ್ಟಿ?"

ಒಳಗೆ ಕೂತಿದ್ದವಳು ನನ್ನದೇ ವಯಸ್ಸಿನ ಹೆಂಗಸು, ಬಹಳ ವರ್ಷಗಳಿಂದ ಅಲ್ಲಿ ಕಾಟಾ ನೋಡಿಕೊಳ್ಳುವವಳು. ಅವಳ ಮುಖ ಸಣ್ಣದಾಯಿತು.

"ಏನ್ ಮಾಡ್ಲಿರಿ ಕಾಕಾ. ಗಾಲಿ ಮಣ್ಣು ಕಾಟಾದ ತಟ್ಟಿಗೆ ಹತ್ತಿರತೈತಿ, ದಿನಾ ಮುಂಜಾನೆ ಸೊನ್ನಿ ಮಾಡಬೇಕು. ಹ್ವಾದ ವರ್ಷ ಮಿಷಿನ್ ರಿಪೇರಿ ಮಾಡ್ಸಿದಾಗಿಂದ, ಸೊನ್ನಿ ಒತ್ತಿದ ಕೂಡಲೇ ಕೆಳಗ ಇಂಗ್ಲಿಷಿನ್ಯಾಗ ಏನೋ ಬರ್ತೈತ್ರಿ. ಅದನ್ನ ನೋಡಿ ತೂಕದಾಗ ಗೋಲ್‌ಮಾಲ್ ಐತಿ ಅಂತ ಎಲ್ಲಾರೂ ಜಗಳಕ್ಕ ಬಂದ್ರು. ಪಟ್ಟಿ ಹಚ್ಚಿದೆ. ಈಗ ಪಟ್ಟಿ ನೋಡಿ ಜಗಳಕ್ಕ ಬರ್ತಾರ. ಇನ್ನೊಂದು ತಕರಾರು ಬಂದ್ರ ಬ್ಯಾರೇದವರನ್ನ ಕೂರಸ್ತೀನಿ ಅಂತ ಮಾಲಕರು ಹೇಳ್ಯಾರ್ರಿ."

ಇಂಗ್ಲಿಷಿನ ಸಾಲು ಎಂದದ್ದೇ ನನಗೆ ಅನುಮಾನ ಬಂತು. ಒಳಗೆ ಹೋಗಿ, ಸ್ವಲ್ಪ ನೋಡಲೇ ಎಂದು ಕೇಳಿ, ಕರೆಂಟಿನ ವೈರ್‌ಗೆ ಸುತ್ತುವ ಆ ಪಟ್ಟಿಯನ್ನು ಮೆಲ್ಲಗೆ ಎತ್ತಿದೆ. ಕೆಳಗೆ ನಾನೇ ಬರೆದ ಸಾಲು. ದಯವಿಟ್ಟು ಎಂಬುದೂ ಸೇರಿ. ಇವಳು ಸೊನ್ನೆ ಒತ್ತಿದಾಗಲೆಲ್ಲ ಮಿಲ್ಲಿನ ಪ್ರೋಗ್ರಾಮ್ ಆ ಹಿತ್ತಲ ಬಾಗಿಲನ್ನೇ ತೆರೆಯುತ್ತಿತ್ತು.

ಆ ಹಿರಿಯರು ಕೇಳದೇ ಹೋಗಿದ್ದರೆ ನಾನು ಆ ಬಾಗಿಲನ್ನು ಕಿತ್ತೇ ಬಿಡುತ್ತಿದ್ದೆ. ಆಗ ರಿಪೇರಿಯವರು ಹೊಸ ಕರ್ನಲ್ ಹಾಕಿದ ದಿನವೇ ಸೊನ್ನೆ ಹೋಗಿ, ಅದರ ಜೊತೆಗೆ ಇವಳ ಕೆಲಸವೂ ಹೋಗುತ್ತಿತ್ತು. ನಾನು ಕೊಪ್ಪಳದಲ್ಲಿ ಕೂತು ಕಸ ಗುಡಿಸಿದ ಖುಷಿಯಲ್ಲಿರುತ್ತಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಇದನ್ನ ಬರದಾಕಿ ನಾನ ಅದೀನ್ರಿ" ಎಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವಳು ಮಾತ್ರ ಆ ಸಾಲಿನ ಅರ್ಥ ಕೇಳಿದಳು. ಹೇಳಿದೆ.

"ನಮಗ ತಿಳಿಯೋ ಹಂಗ ಬರೀಬಾರದೇನ್ರಿ ಅಕ್ಕಾರ? ಬರೀರಿ ಅಂದಿದ್ರ ನಾ ಅವತ್ತ ಬರೀತಿದ್ದೆ."

ಎದುರಿಗಿದ್ದ ಹಾಳೆಯಲ್ಲಿ ಆ ಸಾಲನ್ನು ಕನ್ನಡದಲ್ಲಿ ದಪ್ಪಗೆ ಬರೆದು, ಕೆಳಗೆ ಸಹಿ ಹಾಕಿ, ಕಿಟಕಿಗೆ ಅಂಟಿಸಿ ಬಂದೆ. ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಸೇರಿಸಿದೆ. ಮಾಲೀಕರಿಗೆ ಮಾವನೇ ವಿವರಿಸಿದ, ಇಡೀ ವಿಷಯವನ್ನು ತಾನೇ ಕಂಡುಹಿಡಿದವನ ಗತ್ತಿನಲ್ಲಿ.

ಮುಂದಿನ ಕೆಲವು ವಾರ ಕಾಲೇಜಿನಿಂದ ಬಂದವಳೇ ಡ್ರೈವರಿನ ಕೆಲಸಕ್ಕೆ ಕೂತೆ. ದೊಡ್ಡ ಬಾಗಿಲಿನ ಬದಲು ಒಂದು ಕಿರಿದಾದ ಕಿಂಡಿ ಮಾಡಿದೆ. ಅದರಲ್ಲಿ ಸೊನ್ನೆ ಮಾಡುವುದೊಂದೇ ಸಾಧ್ಯ. ಅದೂ ತಟ್ಟೆ ಹೆಚ್ಚುಕಡಿಮೆ ಖಾಲಿ ಇದ್ದಾಗ, ಅಪ್ಪಣೆ ಇರುವ ಪ್ರೋಗ್ರಾಮಿಗೆ ಮಾತ್ರ. ಬಳಸುವವರು ಒಬ್ಬರು ಸಿಕ್ಕರೆಂದು ಆ ಹಿರಿಯರಿಗೆ ಬರೆದೆ. ಹೋಗಿ ನೋಡಿದ್ದು ಒಳ್ಳೆಯದಾಯಿತು ಎಂದರು. ಹಂಗಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಗಾಡಿಗಳು ಬರುವ ಮುಂಚೆ, ಮಿಲ್ಲಿನ ಯಂತ್ರಕ್ಕೆ ಹೊಸ ಡ್ರೈವರನ್ನು ಹಾಕಿ, ಸೊನ್ನೆ ಒತ್ತುವ ಪ್ರೋಗ್ರಾಮನ್ನೂ ಹೊಸ ಕಿಂಡಿಗೆ ತಿರುಗಿಸಿದೆ. ತಟ್ಟೆಯ ಮಣ್ಣನ್ನು ಬೇಕೆಂದೇ ಬಳಿಯದೆ ಬಿಟ್ಟಿದ್ದೆವು. ಅವಳು ಒತ್ತಿದಳು. ಸೊನ್ನೆ ಬಂತು. ಕೆಳಗೆ ಏನೂ ಬರಲಿಲ್ಲ. ಮುದ್ರೆ ಇರುವ ತೂಕದ ಕಲ್ಲುಗಳನ್ನು ಮೂಲೆ ಮೂಲೆಗೂ ಇಟ್ಟು ನೋಡಿದೆವು, ಎಲ್ಲ ಕಡೆ ಸರಿ. ಅಷ್ಟರಲ್ಲಿ ಮೊದಲ ಟ್ರ್ಯಾಕ್ಟರ್ ಬಂತು. ರೈತನೊಬ್ಬ ಇಳಿದು, ಕಿಟಕಿಯಲ್ಲಿ ಇಣುಕಿ, ಒಂದೂ ಮಾತಾಡದೆ ಗಾಡಿ ಹತ್ತಿಸೆಂದು ಕೈಬೀಸಿದ. ಅವಳು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅವನು ಹೋದ ಮೇಲೆ ಕೇಳಿದಳು, "ಮತ್ತ ಆ ಹಳೇ ಬಾಗಲಾ?"

"ಇನ್ನೂ ಐತ್ರಿ. ನೀವು ಹೇಳೂತನಕಾ ತೆಗೆಯಂಗಿಲ್ಲ."

ಅವಳು ಸೊನ್ನೆಯನ್ನು ಇನ್ನೊಮ್ಮೆ ನೋಡಿದಳು. "ತೆಗೀರಿ ಅಕ್ಕಾರ. ಇನ್ನ ನನಗ ಬ್ಯಾಡ."

ಅಲ್ಲೇ ಭತ್ತದ ಚೀಲದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದು, ಫೋನಿನಿಂದ ನೆಟ್ ಹಿಡಿದು, ಆ ಹಳೆಯ ಬಾಗಿಲನ್ನು ಬಳಸುತ್ತಿದ್ದ ಒಬ್ಬಳೇ ಒಬ್ಬಳ ಎದುರಿಗೆ ಅದನ್ನು ಡ್ರೈವರಿನಿಂದ ಅಳಿಸಿದೆ.