ಅಕ್ಕ ಒರೆಸಿದ ಬಿಲ್ಲೆ

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಒಂದೇ ಸಾಲು: ‘ಅಕ್ಕ ಬಿಲ್ಲೆ ಒರೆಸಿದಳು.’ ಉಳಿದದ್ದೆಲ್ಲ ನೆನಪು. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಬಿಲ್ಲೆಯೆಂದರೆ ಎರಡು ಬೆರಳಗಲದ ಸಿಲಿಕಾನ್ ಚೂರು. ಅದರ ಮೇಲೆ ಚಿನ್ನದ ತೆಳುಪದರ ಕೂರಿಸಿ ಕುಲುಮೆಯಲ್ಲಿ ಕಾಯಿಸಿದರೆ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇಲೆ ಹರಿಸಿದ ಅನಿಲದಿಂದ ಹನಿ ಸಿಲಿಕಾನನ್ನು ಹೀರುತ್ತದೆ. ಇನ್ನು ಹಿಡಿಸದಾದಾಗ ಕೆಳಗೆ ಬಿಡುತ್ತದೆ. ಬಿಟ್ಟದ್ದು ಹರಳುಗಟ್ಟಿ ತಂತಿಯಾಗಿ ಬೆಳೆಯುತ್ತದೆ, ಹನಿಯನ್ನು ತಲೆಯ ಮೇಲೆ ಹೊತ್ತುಕೊಂಡೇ. ಇಂಥ ತಂತಿಗಳು ಒತ್ತಾಗಿ ನೆಟ್ಟಗೆ ನಿಂತರೆ ಹೊಳೆಯುವ ಬಿಲ್ಲೆ ಮಸಿ ಹಿಡಿದಂತೆ ಕಪ್ಪಾಗುತ್ತದೆ.

ನನ್ನವು ಸದಾ ಸೊಟ್ಟ ಬೆಳೆಯುತ್ತಿದ್ದವು. ಮೂರು ವರ್ಷದಲ್ಲಿ ಒಂದೇ ಒಂದು ಬಿಲ್ಲೆ ಸರಿಯಾಗಿ ಕಪ್ಪಾಯಿತು. ಮರುವಾರ ಕುಲುಮೆಯ ಕೊಳವೆ ಬಿರುಕು ಬಿಟ್ಟಿತು. ಹೊಸದು ಬರಲೇ ಇಲ್ಲ. ಹೈದರಾಬಾದಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಬಿಲ್ಲೆಯ ಚಿತ್ರ ಸಿಕ್ಕರೆ ನನ್ನ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ. ಯಾದಗಿರಿಯಿಂದ ರೈಲು ಹಿಡಿಯಬೇಕಿತ್ತು. ಮುಂಚಿನ ದಿನವೇ ಬಂದು ದೋರನಹಳ್ಳಿಯ ಅಕ್ಕನ ಮನೆಯಲ್ಲಿ ಉಳಿದೆ.

ಬೆಳಿಗ್ಗೆ ಜಳಕ ಮುಗಿಸಿ ಬಂದಾಗ ಬಿಲ್ಲೆ ಇಟ್ಟಿದ್ದ ಡಬ್ಬಿ ತೆರೆದಿತ್ತು. ಕುರಿದೊಡ್ಡಿ ಗುಡಿಸಿ ಬಂದಿದ್ದ ಅಕ್ಕ ಬಿಲ್ಲೆಯನ್ನು ಮುಖಕ್ಕೆ ಹಿಡಿದು ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು.

“ಇಂಥಾ ಮಸಿ ಹಿಡದ ಕನ್ನಡಿ ತಗೊಂಡು ಹೈದ್ರಾಬಾದಿಗೆ ಹೊಂಟಿದ್ದೇನ ತಂಗಿ? ಮಂದಿ ನಗ್ತಾರ. ಹಸಿ ಅರಿವಿಲೆ ತಿಕ್ಕೀನಿ, ನೋಡು ಹ್ಯಾಂಗ ಹೊಳಿಯಾಕತ್ತದ.”

“ಅದು ಮಸಿ ಅಲ್ಲಕ್ಕಾ.”

“ಮತ್ತೇನು?”

“ನಾ ಬೆಳಸಿದ್ದು.”

“ಡಬ್ಬ್ಯಾಗ ಬೆಳಿ ಬೆಳಿತಿಯೇನ? ನಿನ್ನಿ ನೀನ ಅಂದಿ, ಇದು ಕನ್ನಡಿ ಇದ್ದಂಗ ಅಂತ.”

ಅಂದಿದ್ದೆನೇ? ವಿವರಿಸುವ ಬೇಸರಕ್ಕೆ ಅಂದಿರಬಹುದು. ಅಥವಾ ತಪ್ಪಿನಲ್ಲಿ ನನ್ನ ಪಾಲೂ ಇರಲಿ ಎಂದು ಆಮೇಲೆ ನಾನೇ ಈ ಮಾತನ್ನು ಅವಳ ಬಾಯಿಗೆ ಹಾಕಿದೆನೋ.

ಆದರೂ ರೈಲು ಹತ್ತಿದೆ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಕಂಡದ್ದು ಬರೀ ಬುಡಗಳು, ಕೊಯ್ದ ಜೋಳದ ಕೂಳೆಯಂತೆ. ಒಂದು ಮೂಲೆಯಲ್ಲಿ ಒಂದೇ ತಂತಿ ಅಡ್ಡ ಬಿದ್ದಿತ್ತು, ತುದಿಯಲ್ಲಿ ಚಿನ್ನದ ಹನಿ ಹಾಗೇ ಇತ್ತು. ಬಿದ್ದ ಒಂದು ತಂತಿಯಿಂದ, ಉಳಿದವು ನೆಟ್ಟಗೆ ನಿಂತಿದ್ದವೆಂದು ಯಾರಿಗೂ ತೋರಿಸಲಾಗದು. ನಿಂತಿದ್ದವೋ ಇಲ್ಲವೋ, ಈಗ ನನಗೂ ಗೊತ್ತಿಲ್ಲ.

ಪ್ರಬಂಧ ಬರೆಯಲಿಲ್ಲ. ಶಹಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಬಿಲ್ಲೆಯನ್ನು ಅಕ್ಕನಿಗೇ ಕೊಟ್ಟೆ. ಏನು ಹಾಳಾಯಿತೆಂದು ಇವತ್ತಿಗೂ ಹೇಳಿಲ್ಲ. ಹೋದಾಗಲೆಲ್ಲ ಅವಳು ಅದರಲ್ಲಿ ಮುಖ ನೋಡಿಕೊಂಡು, ಆಮೇಲೆ ನನ್ನ ಮುಂದೆ ಹಿಡಿಯುತ್ತಾಳೆ. ನೋಡಿಕೊಂಡಂತೆ ಮಾಡುತ್ತೇನೆ.